ಬೆಳಗಾದರೆ ದವಡೆ ಬಿಗಿ: ನಿದ್ದೆಯಲ್ಲಿ ಹಲ್ಲು ಕಚ್ಚುವುದು ಏಕೆ, ಕವಳದ ಬಿಗಿತ ಬೇರೆ ಏಕೆ

"ಎಂತ ಅಂತ ಗೊತ್ತಿಲ್ಲ ಡಾಕ್ಟ್ರೇ, ಬೆಳಿಗ್ಗೆ ಎದ್ದ ಕೂಡ್ಲೇ ದವಡೆ ಹಿಡ್ಕಂಡಿರ್ತದೆ. ದೋಸೆ ತಿನ್ನೋಕೂ ಬಾಯಿ ಸರಿಯಾಗಿ ತೆಗೆಯಕ್ಕಾಗಲ್ಲ. ಹತ್ತು ಗಂಟೆ ಹೊತ್ತಿಗೆ ತಾನೇ ಸರಿ ಹೋಗ್ತದೆ." ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಹಲ್ಲಿನ ಡಾಕ್ಟರಿಗೆ ಈ ಮಾತು ಹೊಸದಲ್ಲ. ಇನ್ನು ಕೆಲವರಿಗೆ ದವಡೆಯ ಮೇಲೆ ಅನುಮಾನವೇ ಇರುವುದಿಲ್ಲ. ಕಣತಲೆ ನೋವು ಎನ್ನುತ್ತಾರೆ, ಕಿವಿ ನೋವು ಎನ್ನುತ್ತಾರೆ. ಕಿವಿ ನೋಡಿದವರು ಒಳಗೆ ಏನೂ ಇಲ್ಲ ಎಂದು ಕಳಿಸುತ್ತಾರೆ. ಕಣ್ಣು ಪರೀಕ್ಷೆಯಾಗಿ ಹೊಸ ಕನ್ನಡಕವೂ ಬರುತ್ತದೆ. ನೋವು ಮಾತ್ರ ಹಾಗೇ ಉಳಿಯುತ್ತದೆ.

ಇಂಥವರಲ್ಲಿ ಅನೇಕರು ನಿದ್ದೆಯಲ್ಲಿ ಹಲ್ಲು ಮಸೆಯುವವರು ಅಥವಾ ಕಚ್ಚಿ ಹಿಡಿಯುವವರು. ಮಸೆದರೆ ಸದ್ದು ಬರುತ್ತದೆ. ಪಕ್ಕದಲ್ಲಿ ಮಲಗಿದವರು "ರಾತ್ರಿಯೆಲ್ಲ ಎಂತದ್ರೀ ಅದು ಕಟಕಟ ಅಂತ?" ಎಂದು ಕೇಳಿಯೇ ಕೇಳುತ್ತಾರೆ. ಕಚ್ಚಿ ಹಿಡಿಯುವವರದು ಸದ್ದಿಲ್ಲದ ಕೆಲಸ. ಗೋಡೆಗೆ ಗೋಡೆ ಅಂಟಿದ ಮನೆಯಲ್ಲೂ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ "ನಮ್ಮನೆಯಲ್ಲಿ ಯಾರೂ ಹೇಳಿಲ್ಲ, ನಾನು ಹಲ್ಲು ಕಡಿಯಲ್ಲ" ಎನ್ನುವುದನ್ನು ಪುರಾವೆ ಎಂದು ತೆಗೆದುಕೊಳ್ಳುವಂತಿಲ್ಲ. 1994ರಲ್ಲಿ ಪ್ರಕಟವಾದ ಕೆನಡಾದ ಸಮೀಕ್ಷೆಯೊಂದರಲ್ಲಿ 100 ವಯಸ್ಕರಲ್ಲಿ ಸುಮಾರು 8 ಮಂದಿ ನಿದ್ದೆಯಲ್ಲಿ ಹಲ್ಲು ಮಸೆಯುತ್ತೇವೆ ಎಂದಿದ್ದರು. ಹದಿಹರೆಯ ದಾಟಿದವರಲ್ಲಿ ಹೆಚ್ಚು, ಅರವತ್ತು ದಾಟಿದವರಲ್ಲಿ ತೀರಾ ಕಡಿಮೆ. ಸದ್ದಿಲ್ಲದೆ ಕಚ್ಚುವವರು ಇಂಥ ಲೆಕ್ಕಕ್ಕೆ ಸಿಗುವುದೇ ಕಷ್ಟ.

ನಮ್ಮ ಕಡೆ ಇದಕ್ಕೆ ಮೂರು ಕಾರಣ ಹೇಳುತ್ತಾರೆ. ಮಗುವಾದರೆ ಹೊಟ್ಟೆಯಲ್ಲಿ ಹುಳ, ದೊಡ್ಡವರಾದರೆ ಒಳಗೊಳಗೇ ಸಿಟ್ಟು, ಎರಡೂ ಅಲ್ಲವಾದರೆ ಹಲ್ಲಿನ ಸಾಲು ಓರೆ. ಮೂರೂ ಪೂರ್ತಿ ಸರಿಯಲ್ಲ. ಕಚ್ಚು ಎಂಬ ಆಜ್ಞೆ ಹೊರಡುವುದು ನಿದ್ದೆಯಲ್ಲಿರುವ ಮಿದುಳಿನಿಂದ, ದವಡೆ ಪಾಲಿಸುತ್ತದೆ ಅಷ್ಟೆ. ಅದಕ್ಕೇ ಹಲ್ಲಿನಷ್ಟೇ ನಿದ್ದೆಯನ್ನೂ ವಿಚಾರಿಸಬೇಕು. ಇದರ ಜೊತೆಗೆ ಅಡಿಕೆ ನಾಡಿನವರು ಕಡ್ಡಾಯವಾಗಿ ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕವಳ, ಅಂದರೆ ಎಲೆ ಅಡಿಕೆ, ಮತ್ತು ಗುಟ್ಕಾದಿಂದ ಬರುವ ದವಡೆ ಬಿಗಿತವೇ ಬೇರೆ. ಅದನ್ನು ಇದರ ಜೊತೆ ಕಲಸಿಕೊಂಡರೆ ಚಿಕಿತ್ಸೆಗೆ ಬೇಕಾದ ಅಮೂಲ್ಯ ವರ್ಷಗಳು ಕೈತಪ್ಪುತ್ತವೆ.

ಬೆರಳಿಟ್ಟು ನೋಡಿ

ಎರಡೂ ಕೈಯ ಬೆರಳುಗಳನ್ನು ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಹಾಲೆಗಿಂತ ಸ್ವಲ್ಪ ಮುಂದೆ ಮತ್ತು ಕೆಳಗೆ ಇಡಿ. ಹಲ್ಲು ಕಚ್ಚಿ. ಬೆರಳಿನಡಿ ಗಟ್ಟಿಯಾಗಿ ಉಬ್ಬಿ ಬರುವುದು ಕೆನ್ನೆಮೂಳೆಯಿಂದ ದವಡೆಯ ಮೂಲೆಯವರೆಗೆ ಇಳಿಯುವ ಸ್ನಾಯು. ಈಗ ಬೆರಳನ್ನು ಕಣತಲೆಗೆ ಒಯ್ದು ಮತ್ತೆ ಕಚ್ಚಿ. ಅಲ್ಲೂ ಒಂದು ಅಗಲವಾದ ಸ್ನಾಯು ಬಿಗಿಯುತ್ತದೆ. ಬೆಳಗಿನ ಎಷ್ಟೋ ತಲೆನೋವು ಇಲ್ಲಿಯದು. ತಲೆಯೊಳಗಿನದು ಎಂದು ನಾವು ಹೆದರುವುದು ಹಲವು ಸಲ ಅಗಿಯುವ ಸ್ನಾಯುವಿನ ದಣಿವಾಗಿರುತ್ತದೆ. ಇನ್ನು ಕಿವಿಯ ತೂತಿನ ಸ್ವಲ್ಪ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಒಂದು ಗುಂಡಗಿನ ಮೂಳೆ ಮುಂದಕ್ಕೆ ಜಾರಿ ಹಿಂದಕ್ಕೆ ಬರುವುದು ತಿಳಿಯುತ್ತದೆ. ಅದು ದವಡೆಯ ಕೀಲು. ಕಿವಿಗೆ ಇಷ್ಟು ಹತ್ತಿರ ಇರುವುದರಿಂದಲೇ ಕೀಲಿನ ನೋವು ಕಿವಿನೋವಿನಂತೆ ಅನಿಸುತ್ತದೆ.

ಸುಮ್ಮನೆ ಕೂತಿರುವಾಗ ತುಟಿ ಮುಚ್ಚಿದ್ದರೂ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರುತ್ತದೆ. ಊಟ, ತಿಂಡಿ, ಉಗುಳು ನುಂಗುವುದು ಎಲ್ಲ ಸೇರಿಸಿದರೂ ದಿನವೊಂದರಲ್ಲಿ ಹಲ್ಲಿಗೆ ಹಲ್ಲು ತಾಗುವ ಒಟ್ಟು ಹೊತ್ತು ಸುಮಾರು 20 ನಿಮಿಷ ಮಾತ್ರ. ಕಚ್ಚುವ ರೂಢಿ ಇರುವವರಲ್ಲಿ ಈ ಲೆಕ್ಕ ತಪ್ಪುತ್ತದೆ, ಬಲದ ಲೆಕ್ಕವೂ ತಪ್ಪುತ್ತದೆ. ಎಚ್ಚರವಿದ್ದಾಗ ಹಲ್ಲಿಗೆ ನೋವಾದೀತು ಎಂದು ನಾವು ಬಲ ತಡೆಯುತ್ತೇವೆ, ನಿದ್ದೆಯಲ್ಲಿ ಆ ಕಾವಲು ಸಡಿಲ. ಜಪಾನಿನ ಅಧ್ಯಯನವೊಂದರಲ್ಲಿ ನಿದ್ದೆಯಲ್ಲಿ ಕಚ್ಚಿದ ಬಲ ಒಬ್ಬರಲ್ಲಿ 81 ಕಿಲೋ ಭಾರದವರೆಗೆ ಹೋಗಿತ್ತು. ಕೆಲವರು ಎಚ್ಚರದಲ್ಲಿ ಎಷ್ಟು ಪ್ರಯತ್ನಪಟ್ಟರೂ ಕಚ್ಚಲಾಗದಷ್ಟು ಬಲವಾಗಿ ನಿದ್ದೆಯಲ್ಲಿ ಕಚ್ಚುತ್ತಾರೆ.

ಬಾಯೊಳಗೆ ಉಳಿಯುವ ಗುರುತುಗಳನ್ನು ಕನ್ನಡಿಯಲ್ಲಿ ನೀವೇ ನೋಡಬಹುದು. ಕೋರೆಹಲ್ಲಿನ ಮೊನೆ ಚಪ್ಪಟೆಯಾಗಿ, ಆ ಚಪ್ಪಟೆ ಜಾಗ ಬೆಳಕಿಗೆ ಹೊಳೆಯುತ್ತದೆ. ಕೆಳದವಡೆಯನ್ನು ಪಕ್ಕಕ್ಕೆ ಸರಿಸಿದರೆ ಮೇಲಿನ ಕೋರೆಯ ಹೊಳಪು ಜಾಗಕ್ಕೆ ಕೆಳಗಿನ ಕೋರೆಯದ್ದು ಸರಿಯಾಗಿ ಕೂರುತ್ತದೆ. ಎಚ್ಚರದಲ್ಲಿ ಯಾರೂ ದವಡೆಯನ್ನು ಅಷ್ಟು ಪಕ್ಕಕ್ಕೆ ಒಯ್ಯುವುದಿಲ್ಲ, ಹಾಗಾಗಿ ಇದು ಒಳ್ಳೆಯ ಸುಳಿವು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಮೈಯಲ್ಲಿ ಹಲ್ಲಿನ ಸಾಲಿಗೆ ಸರಿಯಾಗಿ ಬಿಳಿ ಗೆರೆ, ತಣ್ಣೀರಿಗೆ ಜುಮ್ಮೆನ್ನುವ ಹಲ್ಲು, ಮತ್ತೆ ಮತ್ತೆ ಕಿತ್ತುಬರುವ ಫಿಲ್ಲಿಂಗ್ ಕೂಡ ಸುಳಿವುಗಳೇ. ಆದರೆ ಸವೆದ ಹಲ್ಲು ಕಂಡ ಮಾತ್ರಕ್ಕೆ ಈಗಲೂ ಮಸೆಯುತ್ತಿದ್ದಾರೆ ಎನ್ನುವಂತಿಲ್ಲ. ಸವೆತ ಹತ್ತು ವರ್ಷ ಹಳೆಯದಿರಬಹುದು. ಹುಳಿತೇಗಿನಿಂದ ಬಂದಿರಬಹುದು. ಇದ್ದಿಲು ಪುಡಿಯಲ್ಲಿ ಹಲ್ಲು ತಿಕ್ಕುತ್ತಾ ಬಂದವರಲ್ಲೂ ಹಲ್ಲು ಹೀಗೇ ತೆಳುವಾಗುತ್ತದೆ. ಇದನ್ನು ಬಿಡಿಸಿ ಹೇಳಲು ದಂತ ವೈದ್ಯರ ಕಣ್ಣೇ ಬೇಕು.

ನಿದ್ದೆ ಅಲುಗುವ ಕೆಲವು ಸೆಕೆಂಡು

ಬಹಳ ಕಾಲ ವೈದ್ಯಲೋಕವೂ ಹಲ್ಲಿನ ಸಾಲನ್ನೇ ದೂರುತ್ತಿತ್ತು. 1961ರಲ್ಲಿ ಅಮೆರಿಕದ ಮಿಶಿಗನ್‌ನ ಸಿಗುರ್ಡ್ ರಾಮ್‌ಫ್ಯೋರ್ಡ್ ಎಂಬ ದಂತತಜ್ಞರು ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದು, ಹಲ್ಲುಗಳು ಸರಿಯಾಗಿ ಕೂರದಿರುವುದೇ ಮಸೆತಕ್ಕೆ ಕಾರಣ ಎಂಬ ವಾದ ಮುಂದಿಟ್ಟರು. ಆಮೇಲೆ ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಉಜ್ಜಿ 'ಸಮ' ಮಾಡಿದ್ದೂ ಆಯಿತು. ನಿದ್ದೆಯ ಪ್ರಯೋಗಾಲಯಗಳು ಬಂದ ಮೇಲೆ ಚಿತ್ರ ಬದಲಾಯಿತು. ಮಾಂಟ್ರಿಯಲ್‌ನ ಜಿಲ್ ಲವೀನ್ ಮತ್ತು ಸಂಗಡಿಗರು ಮಲಗಿದವರ ಮಿದುಳು, ಹೃದಯ, ದವಡೆ ಮೂರನ್ನೂ ರಾತ್ರಿಯಿಡೀ ಒಟ್ಟಿಗೆ ದಾಖಲಿಸಿದರು.

ಅವರು ಕಂಡದ್ದು ಹೀಗೆ. ಆರೋಗ್ಯವಂತರ ನಿದ್ದೆಯೂ ಒಂದೇ ಸಮ ಹರಿಯುವುದಿಲ್ಲ. ಗಂಟೆಗೆ ಹಲವು ಸಲ, 3ರಿಂದ 15 ಸೆಕೆಂಡಿನಷ್ಟು ಹೊತ್ತು ಮಿದುಳು ಎಚ್ಚರದ ಅಂಚಿಗೆ ಬಂದು ಮತ್ತೆ ಒಳಗೆ ಹೋಗುತ್ತದೆ. ನಮಗೆ ಅದರ ನೆನಪಿರುವುದಿಲ್ಲ. ಹಲ್ಲು ಮಸೆಯುವವರಲ್ಲಿ ದವಡೆಯ ಚಟುವಟಿಕೆ ಹೆಚ್ಚಾಗಿ ಇಂಥ ಗಳಿಗೆಗೇ ಅಂಟಿಕೊಂಡು ಬರುತ್ತದೆ, ಅದೂ ಹೆಚ್ಚಾಗಿ ಹಗುರ ನಿದ್ದೆಯಲ್ಲಿ. ಕ್ರಮವೂ ಸ್ಪಷ್ಟ: ಮೊದಲು ದೇಹದ ಎಚ್ಚರಿಕೆಯ ನರವ್ಯೂಹ ಚುರುಕಾಗುತ್ತದೆ, ದವಡೆ ಬಿಗಿಯುವ ಸುಮಾರು 4 ಸೆಕೆಂಡು ಮೊದಲು ಮಿದುಳಿನ ಅಲೆ ಬದಲಾಗುತ್ತದೆ, ಎದೆಬಡಿತ ಏರುತ್ತದೆ. ದವಡೆ ಬಿಗಿಯುವುದು ಎಲ್ಲಕ್ಕಿಂತ ಕೊನೆಯಲ್ಲಿ. ಸೆಕೆಂಡಿಗೆ ಸುಮಾರು ಒಂದು ಸಲದಂತೆ ಸ್ನಾಯು ಬಿಗಿದು ಬಿಡುತ್ತದೆ, ಇಲ್ಲವೇ ಒಂದೇ ಸಮ ಹಿಡಿದು ನಿಲ್ಲುತ್ತದೆ.

2001ರಲ್ಲಿ ಇದೇ ತಂಡ ಹೇಳಿದ ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ ಅನಿಸುತ್ತದೆ. ಹಲ್ಲು ಮಸೆಯದ ಆರೋಗ್ಯವಂತರಲ್ಲೂ 100ಕ್ಕೆ ಸುಮಾರು 60 ಮಂದಿಯಲ್ಲಿ ನಿದ್ದೆಯಲ್ಲಿ ಅಗಿಯುವ ಸ್ನಾಯುಗಳು ಹೀಗೆ ಲಯವಾಗಿ ಮಿಡಿಯುತ್ತವೆ, ಸಂಖ್ಯೆ ಮತ್ತು ಬಲ ಮಾತ್ರ ಕಡಿಮೆ. ಅಂದರೆ ಇದು ಎಲ್ಲಿಂದಲೋ ಬಂದ ಹೊಸ ರೋಗವಲ್ಲ, ಸಹಜ ಚಟುವಟಿಕೆಯೊಂದು ಮಿತಿ ಮೀರಿದ್ದು. 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದ ವ್ಯಾಖ್ಯೆಯೂ ಹೀಗೇ ಹೇಳುತ್ತದೆ: ಬೇರೆ ತೊಂದರೆ ಇಲ್ಲದ ವ್ಯಕ್ತಿಯಲ್ಲಿ ನಿದ್ದೆಯಲ್ಲಿ ಹಲ್ಲು ಮಸೆಯುವುದು ಸ್ವತಃ ಕಾಯಿಲೆಯಲ್ಲ, ಒಂದು ನಡವಳಿಕೆ. ಹಲ್ಲು ಒಡೆದರೆ, ಸ್ನಾಯು ನೋಯಿಸಿದರೆ, ಅಥವಾ ಅದರ ಹಿಂದೆ ಉಸಿರಿನ ತೊಂದರೆಯಂಥದ್ದು ಅಡಗಿದ್ದರೆ ಆಗ ಅದು ಚಿಕಿತ್ಸೆಯ ವಿಷಯ.

ನಿದ್ದೆಯನ್ನು ಅಲುಗಿಸುತ್ತಿರುವುದು ಯಾವುದು

ಕಾರಣ ಹುಡುಕುವಾಗ ಮೊದಲು ಕೇಳಬೇಕಾದ್ದು ಗೊರಕೆಯ ಬಗ್ಗೆ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಮತ್ತೆ ಗಕ್ಕನೆ ಎಳೆದುಕೊಳ್ಳುವುದು, ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರ, ಮಧ್ಯಾಹ್ನ ಬಸ್ಸಿನಲ್ಲಿ ಕೂತರೆ ಶಿವಮೊಗ್ಗ ಬರುವವರೆಗೂ ತೂಕಡಿಕೆ, ಹತೋಟಿಗೆ ಬಾರದ ಬಿಪಿ. ಇಷ್ಟೂ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನು ಪರೀಕ್ಷಿಸಲೇಬೇಕು. ಉಸಿರು ಕಟ್ಟಿದಾಗಲೆಲ್ಲ ಮಿದುಳು ಎಚ್ಚರದ ಅಂಚಿಗೆ ಬರುತ್ತದೆ, ಕೆಲವರಲ್ಲಿ ದವಡೆಯೂ ಆ ಹೊತ್ತಿಗೇ ಬಿಗಿಯುತ್ತದೆ. ಇಂಥವರು ಹಲ್ಲಿಗೊಂದು ಕವಚ ಮಾಡಿಸಿಕೊಂಡು ಸುಮ್ಮನಾದರೆ ಮೂಲ ತೊಂದರೆ ಹಾಗೇ ಮುಂದುವರಿಯುತ್ತದೆ. ಉಸಿರಿನ ಸಮಸ್ಯೆ ಇರುವವರಲ್ಲಿ ಕೆಲವರಿಗೆ ಮೇಲಿನ ಹಲ್ಲಿನ ಕವಚದಿಂದ ಉಸಿರುಕಟ್ಟುವುದು ಹೆಚ್ಚಾದದ್ದೂ ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ ಗೊರಕೆಯ ಸಂಗತಿಯನ್ನು ದಂತ ವೈದ್ಯರಿಗೆ ಅವರು ಕೇಳದಿದ್ದರೂ ಹೇಳಿ.

ಎರಡನೆಯದು ಹೊಟ್ಟೆ. ಅನ್ನನಾಳಕ್ಕೆ ಹನಿಹನಿಯಾಗಿ ಆಮ್ಲ ಬಿಟ್ಟು ನೋಡಿದ ಪ್ರಯೋಗದಲ್ಲಿ ನಿದ್ದೆಯಲ್ಲಿದ್ದವರ ದವಡೆ ಚಟುವಟಿಕೆ ಹೆಚ್ಚಾಯಿತು. ಅಡಿಕೆ ಕೊಯ್ಲಿನ ಕಾಲದ ನಮ್ಮ ದಿನಚರಿ ಇಲ್ಲಿ ನೆನಪಾಗುತ್ತದೆ. ಸುಲಿಯುವ ಯಂತ್ರ ಬಂದ ಮೇಲೂ ಅನೇಕ ಮನೆಗಳಲ್ಲಿ ರಾತ್ರಿ ಹತ್ತು ದಾಟುವವರೆಗೆ ಕೆಲಸ ಮುಗಿಯುವುದಿಲ್ಲ. ಬೇಯಿಸುವ ಹಂಡೆಯ ಮುಂದೆ ಒಬ್ಬರು, ಮೆಟ್ಟುಗತ್ತಿಯ ಮುಂದೆ ನಾಲ್ಕು ಜನ, ನಡುನಡುವೆ ಚಹಾ. ಹನ್ನೊಂದಕ್ಕೆ ಹೊಟ್ಟೆ ತುಂಬ ಊಟ, ಹನ್ನೊಂದೂವರೆಗೆ ಹಾಸಿಗೆ. ಆ ಎರಡು ತಿಂಗಳು ಎದೆಯುರಿಯೂ ಹೆಚ್ಚು, ಬೆಳಗಿನ ದವಡೆ ಬಿಗಿತವೂ ಹೆಚ್ಚು ಎನ್ನುವವರಿದ್ದರೆ ಎರಡರ ನಂಟನ್ನು ಗಮನಿಸಲೇಬೇಕು. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಟ್ಟರೆ, ತಲೆಯ ಕಡೆ ಮಂಚ ಸ್ವಲ್ಪ ಎತ್ತರಿಸಿದರೆ ಹುಳಿ ಮೇಲೆ ಬರುವುದು ಕಡಿಮೆಯಾಗುತ್ತದೆ.

ಕುಡಿತ, ಬೀಡಿ ಸಿಗರೇಟು, ಕಾಫಿ ಇವುಗಳ ಮಾತು. 2016ರಲ್ಲಿ ಬಂದ ಅಧ್ಯಯನಗಳ ಪರಾಮರ್ಶೆಯೊಂದರ ಪ್ರಕಾರ ಮದ್ಯ ಕುಡಿಯುವವರಲ್ಲಿ ನಿದ್ದೆಯಲ್ಲಿ ಹಲ್ಲು ಮಸೆಯುವ ಸಾಧ್ಯತೆ ಸುಮಾರು ಎರಡು ಪಟ್ಟು, ಧೂಮಪಾನಿಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಕಾಫಿಯ ನಂಟು ಕಂಡದ್ದು ದಿನಕ್ಕೆ ಎಂಟು ಕಪ್ಪಿಗೂ ಹೆಚ್ಚು ಕುಡಿಯುವವರಲ್ಲಿ. ಹಾಗಾಗಿ ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿಯನ್ನು ಯಾರೂ ತಪ್ಪಿಸಬೇಕಾಗಿಲ್ಲ, ಸಂಜೆಯ ಮೇಲಿನದನ್ನು ಬಿಟ್ಟು ನೋಡಿದರೆ ಸಾಕು. "ಒಂದು ಪೆಗ್ ಹಾಕಿದ್ರೆ ಒಳ್ಳೆ ನಿದ್ದೆ" ಎಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ನಿದ್ದೆ ಬೇಗ ಹತ್ತುತ್ತದೆ ನಿಜ, ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ.

ಔಷಧಿಗಳ ವಿಷಯವನ್ನು ಎಚ್ಚರದಿಂದ ಹೇಳಬೇಕು. ಖಿನ್ನತೆ, ಆತಂಕಕ್ಕೆ ಕೊಡುವ ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಹಲ್ಲು ಕಚ್ಚುವುದನ್ನು ಶುರುಮಾಡುತ್ತವೆ, ಹೆಚ್ಚಾಗಿ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಆಗುವ ತೊಂದರೆ ಹಲ್ಲು ಕಚ್ಚುವುದಕ್ಕಿಂತ ದೊಡ್ಡದು. ಬರೆದುಕೊಟ್ಟ ವೈದ್ಯರಿಗೆ ತಿಳಿಸಿದರೆ ಪ್ರಮಾಣ ಬದಲಿಸುವುದೋ ಮಾತ್ರೆ ಬದಲಿಸುವುದೋ, ದಾರಿ ಇದ್ದೇ ಇದೆ.

ಇನ್ನು ಚಿಂತೆ. ಎಲೆಚುಕ್ಕಿ ರೋಗ ತೋಟಕ್ಕೆ ಕಾಲಿಟ್ಟ ಮೇಲೆ, ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಜನ ಸಿಗದಿದ್ದಾಗ, ಸಾಲದ ಕಂತು ಬಾಕಿ ಇದ್ದಾಗ ಮಲೆನಾಡಿನ ಎಷ್ಟು ಮನೆಗಳಲ್ಲಿ ನಿದ್ದೆ ಸರಿಯಿದೆ ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ಚಿಂತೆಗೂ ದವಡೆಗೂ ನಂಟಿದೆ. ಆದರೆ ಅದು ಹೆಚ್ಚು ಗಟ್ಟಿಯಾಗಿ ಕಾಣುವುದು ಹಗಲಿನ ಕಚ್ಚುವಿಕೆಯಲ್ಲಿ. ಲೆಕ್ಕದ ಪುಸ್ತಕ ನೋಡುವಾಗ, ಆಗುಂಬೆ ಘಾಟಿಯಲ್ಲಿ ಮಂಜಿನ ನಡುವೆ ಗಾಡಿ ಓಡಿಸುವಾಗ, ಮೊಬೈಲಿನಲ್ಲಿ ಮುಳುಗಿದಾಗ ಹಲ್ಲುಗಳು ತಾವಾಗಿ ಕೂಡಿಕೊಂಡಿರುತ್ತವೆ. ಹಗಲಿಡೀ ದಣಿದ ಸ್ನಾಯುವೇ ರಾತ್ರಿಯೂ ದುಡಿದರೆ ಬೆಳಿಗ್ಗೆ ನೋಯದೆ ಏನಾಗುತ್ತದೆ? ರಾತ್ರಿಯ ಆಜ್ಞೆ ನಮ್ಮ ಕೈಯಲ್ಲಿಲ್ಲ, ಹಗಲಿನದು ಇದೆ. ಆದ್ದರಿಂದ ಆರಂಭ ಹಗಲಿನಿಂದಲೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಕವಳದ ಬಿಗಿತ

ಊಟವಾದ ಮೇಲೆ ಕವಳದ ತಟ್ಟೆ ಮುಂದೆ ಬರುವುದು ನಮ್ಮ ಮನೆಗಳ ಮರ್ಯಾದೆ. ಮಲೆನಾಡಿನ ಮದುವೆ, ದೇವಕಾರ್ಯ, ಪಂಚಾಯ್ತಿ ಯಾವುದೂ ಅಡಿಕೆ ಇಲ್ಲದೆ ಇಲ್ಲ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ದರದ ಮೇಲೆ ನಮ್ಮ ಮಕ್ಕಳ ಫೀಸು ನಿಂತಿದೆ. ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ಅಡಿಕೆಯನ್ನು ದಿನವೂ ಹಲವು ಸಲ ಜಗಿದು ಕೆನ್ನೆಯಲ್ಲಿ ಇಟ್ಟುಕೊಳ್ಳುವವರಲ್ಲಿ ಬಾಯೊಳಗಿನ ಪದರದ ಕೆಳಗೆ ನಾರು ಬೆಳೆಯುವ ಕಾಯಿಲೆ ಬರುತ್ತದೆ. ಹೊಗೆಸೊಪ್ಪು ಸೇರಿಸದಿದ್ದರೂ ಬರುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ನಾರು ತಯಾರಿಸುವ ಜೀವಕೋಶಗಳನ್ನು ಚುರುಕಾಗಿಸುತ್ತದೆ. ಅದರಲ್ಲಿರುವ ತಾಮ್ರ ಆ ನಾರುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳಲು ನೆರವಾಗುತ್ತದೆ. ಮೆತ್ತಗೆ ಹಿಗ್ಗಬೇಕಾದ ಕೆನ್ನೆ ನಿಧಾನಕ್ಕೆ ಗಡುಸಾಗುತ್ತದೆ, ಬಾಯಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿ ತೆರೆಯುತ್ತದೆ. ಗುಟ್ಕಾ ಮತ್ತು ಪ್ಯಾಕೆಟ್ ಅಡಿಕೆಯಲ್ಲಿ ಇದು ಇನ್ನೂ ಬೇಗ, ಕಾಲೇಜು ಹುಡುಗರಲ್ಲೂ ಕಾಣುತ್ತದೆ. ಇವರಲ್ಲಿ ಕೆಲವರಿಗೆ ಮುಂದೆ ಬಾಯಿ ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆ ಜಗಿಯುವುದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿದೆ.

ಎರಡು ಬಿಗಿತಗಳನ್ನು ಮನೆಯಲ್ಲೇ ಒಂದು ಮಟ್ಟಿಗೆ ಬೇರ್ಪಡಿಸಬಹುದು. ನಿದ್ದೆಯಲ್ಲಿ ಹಲ್ಲು ಕಚ್ಚಿದ್ದರಿಂದ ಬಂದ ಬಿಗಿತ ಬೆಳಿಗ್ಗೆ ಹೆಚ್ಚು, ಹೊತ್ತು ಏರಿದಂತೆ ಸಡಿಲವಾಗುತ್ತದೆ. ನೋವು ಕೆನ್ನೆ, ಕಣತಲೆಯ ಸ್ನಾಯುವಿನಲ್ಲಿ, ಒತ್ತಿದರೆ ಗೊತ್ತಾಗುತ್ತದೆ. ಕವಳದ ಬಿಗಿತಕ್ಕೆ ಹೊತ್ತಿನ ಹಂಗಿಲ್ಲ, ಬೆಳಿಗ್ಗೆ ಇದ್ದಷ್ಟೇ ಸಂಜೆಯೂ ಇರುತ್ತದೆ. ಅದರ ಮೊದಲ ಸೂಚನೆ ಹೆಚ್ಚಾಗಿ ಉರಿ. ಎಲ್ಲರೂ ತಿನ್ನುವ ಸಾರು ಇವರಿಗೊಬ್ಬರಿಗೇ ಖಾರ, ಅಪ್ಪೆಹುಳಿ ತಾಗಿದರೂ ಬಾಯಿ ಉರಿ. ಕೆನ್ನೆಯ ಒಳಗೆ ಕೆಂಪು ಬಣ್ಣ ಹೋಗಿ ಬಿಳಚಿಕೊಂಡಿರುತ್ತದೆ, ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ತಾಗುತ್ತವೆ, ನಾಲಿಗೆ ಮುಂಚಿನಷ್ಟು ಹೊರಗೆ ಚಾಚುವುದಿಲ್ಲ. ನಿಮ್ಮದೇ ಕೈಯ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಕೆಳಗಿನ ಬಾಚಿಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸಬೇಕು, ಅಂದರೆ ಸುಮಾರು 40 ಮಿಲಿಮೀಟರ್. ಎರಡೇ ಹಿಡಿಸುತ್ತಿದ್ದರೆ, ಅದೂ ಮಧ್ಯಾಹ್ನದ ಹೊತ್ತಿಗೆ ಕೂಡ, ತಡಮಾಡದೆ ತೋರಿಸಿ. ಒಮ್ಮೆ ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಆದರೆ ಜಗಿಯುವುದನ್ನು ಅಂದೇ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು, ವ್ಯಾಯಾಮ ಮತ್ತು ಚಿಕಿತ್ಸೆಯಿಂದ ಬಾಯಿ ತೆರೆಯುವುದನ್ನು ಸುಧಾರಿಸಬಹುದು. ನಿದ್ದೆಯಲ್ಲಿ ಕಚ್ಚುವವರಿಗೂ ಕವಳ ಒಳ್ಳೆಯದಲ್ಲ. ವಿಶ್ರಾಂತಿ ಬೇಕಿರುವ ಸ್ನಾಯುವಿಗೆ ಅದು ದಿನವಿಡೀ ಕೆಲಸ ಕೊಡುತ್ತದೆ.

ಗಾರ್ಡ್ ಮತ್ತು ಉಳಿದದ್ದು

ನೈಟ್ ಗಾರ್ಡ್ ಅಂದರೆ ಮೇಲಿನ ಅಥವಾ ಕೆಳಗಿನ ಇಡೀ ಹಲ್ಲಿನ ಸಾಲಿಗೆ ಅಚ್ಚು ತೆಗೆದು ಮಾಡಿದ ಗಟ್ಟಿ ಅಕ್ರಿಲಿಕ್ ಕವಚ, ಮಲಗುವಾಗ ಹಾಕಿಕೊಳ್ಳುವುದು. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡರೆ ಮಳೆ ನಿಲ್ಲುವುದಿಲ್ಲ, ಮೈ ನೆನೆಯುವುದಿಲ್ಲ ಅಷ್ಟೆ. ಗಾರ್ಡಿನ ಕೆಲಸವೂ ಅಷ್ಟೇ. ಕಚ್ಚುವುದು ನಿಲ್ಲದಿದ್ದರೂ ಹಲ್ಲು ಉಳಿಯುತ್ತದೆ, ಕೆಲವರಿಗೆ ಸ್ನಾಯು ನೋವೂ ಇಳಿಯುತ್ತದೆ. ಹಾಗಿದ್ದೂ ಹಲ್ಲು ಸವೆಯುತ್ತಿರುವವರಿಗೆ ಅದು ಬೇಕೇ ಬೇಕು, ಸೀಳಿದ ದವಡೆಹಲ್ಲಿಗೆ ರೂಟ್ ಕೆನಾಲ್, ಕ್ಯಾಪ್ ಎಂದು ಓಡಾಡುವುದಕ್ಕಿಂತ ಇದೇ ಮೇಲು. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ರಬ್ಬರ್ ಕವಚವನ್ನು ಕೆಲವು ದಿನದ ಮಟ್ಟಿಗೆ ಬಳಸಬಹುದು. ತಿಂಗಳುಗಟ್ಟಲೆಗೆ ಅದು ತಕ್ಕದ್ದಲ್ಲ. ಮುಂದಿನ ನಾಲ್ಕು ಹಲ್ಲಿಗೆ ಮಾತ್ರ ಕೂರುವ ಸಣ್ಣ ಕವಚವನ್ನು ವೈದ್ಯರ ನಿಗಾ ಇಲ್ಲದೆ ಬಹುಕಾಲ ಹಾಕಿದರೆ ಉಳಿದ ಹಲ್ಲುಗಳು ಜಾಗ ಬದಲಿಸಬಹುದು. ಗಾರ್ಡನ್ನು ತಣ್ಣೀರಿನಲ್ಲಿ ಬ್ರಷ್ ಮಾಡಿ ತೊಳೆಯಿರಿ, ಸ್ನಾನದ ಹಂಡೆಯ ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಒಯ್ದು ತೋರಿಸಿ, ಸವೆದ ಗುರುತು ನೋಡಿದರೆ ವೈದ್ಯರಿಗೆ ನಿಮ್ಮ ರಾತ್ರಿಗಳ ಅಂದಾಜು ಸಿಗುತ್ತದೆ.

ಕಚ್ಚುವುದನ್ನು ನಿಲ್ಲಿಸಲೆಂದು ಹಲ್ಲು ಉಜ್ಜಿ ಸಮ ಮಾಡಿಸುವುದಕ್ಕೆ ಒಪ್ಪಬೇಡಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಹಾಗೆ ಮಾಡಿದರೆ ರಾತ್ರಿಯ ಮಸೆತ ನಿಲ್ಲುತ್ತದೆ ಎನ್ನಲು ಆಧಾರವೂ ಇಲ್ಲ. ಬೊಟಾಕ್ಸ್ ಇಂಜೆಕ್ಷನ್ ಕಚ್ಚುವ ಬಲವನ್ನು ಕೆಲವು ತಿಂಗಳು ಕುಗ್ಗಿಸುತ್ತದೆ, ಮಿದುಳಿನ ಆಜ್ಞೆಯನ್ನಲ್ಲ. ಬೇರೆ ಯಾವುದಕ್ಕೂ ಬಗ್ಗದ ನೋವಿಗೆ ಮಾತ್ರ, ಅನುಭವಿ ತಜ್ಞರ ಕೈಯಲ್ಲಿ.

ಖರ್ಚಿಲ್ಲದ ಮದ್ದು ಹಗಲಿನ ಅಭ್ಯಾಸ. 'ನ' ಎಂದು ಹೇಳಿ ಅಲ್ಲೇ ನಿಲ್ಲಿಸಿ. ನಾಲಿಗೆಯ ತುದಿ ಮೇಲಿನ ಬಾಚಿಹಲ್ಲಿನ ಹಿಂದೆ ಕೂತಿದೆ, ಹಲ್ಲುಗಳು ಬೇರೆಯಾಗಿವೆ. ಹಾಗೇ ತುಟಿ ಮುಚ್ಚಿ, ಹೆಗಲು ಇಳಿಬಿಡಿ. ದವಡೆಯ ವಿಶ್ರಾಂತಿಯ ಭಂಗಿ ಇದು. ಫೋನ್ ರಿಂಗಾದಾಗೊಮ್ಮೆ, ಬಸ್ಸು ನಿಂತಾಗೊಮ್ಮೆ, ನಾಯಿ ಬೊಗಳಿ ಅಂಗಳಕ್ಕೆ ಹೋದಾಗೊಮ್ಮೆ ಹಲ್ಲು ತಾಗಿದೆಯೇ ಎಂದು ನೋಡಿಕೊಳ್ಳಿ, ತಾಗಿದ್ದರೆ 'ನ'ಕ್ಕೆ ಬನ್ನಿ. ಮೊದಲ ವಾರ ಎಷ್ಟು ಸಲ ಕಚ್ಚಿಕೊಂಡಿರುತ್ತೇವೆ ಎಂದು ತಿಳಿದು ಬಹಳ ಜನ ಬೆರಗಾಗುತ್ತಾರೆ. ಮಲಗುವ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಎರಡೂ ಕೆನ್ನೆಗೆ ಹತ್ತು ಹದಿನೈದು ನಿಮಿಷ ಇಟ್ಟು, ಆಮೇಲೆ ಕೆನ್ನೆ, ಕಣತಲೆಯ ಸ್ನಾಯುಗಳನ್ನು ಬೆರಳ ತುದಿಯಿಂದ ನಿಧಾನಕ್ಕೆ ತಿಕ್ಕಿ. ನೋವು ಜಾಸ್ತಿ ಇರುವ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ, ಕಬ್ಬು ಬೇಡ, ಗಂಜಿ, ತಂಬುಳಿ ಅನ್ನ, ಒತ್ತು ಶ್ಯಾವಿಗೆ ಸಾಕು. ಆಕಳಿಸುವಾಗ ಗಲ್ಲಕ್ಕೆ ಅಂಗೈ ಕೊಡಿ. ಅಂಗಾತ ಮಲಗುವುದಕ್ಕಿಂತ ಮಗ್ಗುಲಾಗಿ ಮಲಗುವುದು ಗೊರಕೆ ಇರುವವರಿಗೆ ವಾಸಿ.

ಮಕ್ಕಳ ವಿಷಯದಲ್ಲಿ ಅಜ್ಜಿಯರ ಹುಳದ ಮಾತಿಗೆ ಗಟ್ಟಿ ಆಧಾರವಿಲ್ಲ. ಜಂತುಹುಳದ ಮಾತ್ರೆ ಕೊಡಿಸುವುದು ಬೇರೆ ಕಾರಣಕ್ಕೆ ಒಳ್ಳೆಯದೇ, 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಲೂ ಇದ್ದಾರೆ. ಆದರೆ ಆ ಮಾತ್ರೆಯಿಂದ ಹಲ್ಲು ಕಡಿಯುವುದು ನಿಲ್ಲುತ್ತದೆ ಎಂದು ಕಾಯಬೇಡಿ. ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾದಂತೆ ತಾನೇ ಕಡಿಮೆಯಾಗುತ್ತದೆ, ಸವೆಯುವುದೂ ಬಿದ್ದುಹೋಗುವ ಹಾಲುಹಲ್ಲು. ಗಮನಿಸಬೇಕಾದ್ದು ಮಗು ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ ಎಂಬುದನ್ನು. ಹಾಗಿದ್ದರೆ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು, ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ.

ದವಡೆ ಬಿಗಿತವೆಂದರೆ ಎಲ್ಲವೂ ನಿಧಾನಕ್ಕೆ ನೋಡಬಹುದಾದ್ದಲ್ಲ. ತೋಟದಲ್ಲಿ ಕತ್ತಿ ತಾಗಿಯೋ ಮುಳ್ಳು ಚುಚ್ಚಿಯೋ ಗಾಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ಬಾಯಿ ಕಚ್ಚಿಕೊಳ್ಳತೊಡಗಿದರೆ, ಕುತ್ತಿಗೆಯೂ ಬಿಗಿದರೆ, ಅದು ಧನುರ್ವಾಯು ಇರಬಹುದು, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಗುಡ್ಡ ಹತ್ತುವಾಗ ದವಡೆ ನೋವು ಬಂದು ಕೂತರೆ ಹೋಗುವುದು ಹೃದಯದ ಸೂಚನೆಯಾಗಿರಬಹುದು. ಕೂತಿದ್ದಾಗಲೇ ನೋವು ಬಂದು ಬೆವರು, ಎದೆ ಒತ್ತಿದಂತಾಗುವುದು ಸೇರಿದರೆ 108ಕ್ಕೆ ಕರೆ ಮಾಡಿ. ಐವತ್ತು ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು, ಅಗಿದರೆ ದವಡೆ ಸೋಲುವುದು, ಕಣ್ಣು ಮಂಜಾಗುವುದು ಒಟ್ಟಿಗೆ ಬಂದರೆ ಅದು ರಕ್ತನಾಳದ ಉರಿಯೂತವಿರಬಹುದು, ಅಂದೇ ವೈದ್ಯರನ್ನು ಕಾಣದಿದ್ದರೆ ದೃಷ್ಟಿ ಹೋಗುವ ಅಪಾಯವಿದೆ. ಜ್ವರ, ಊತದ ಜೊತೆ ಬಾಯಿ ತೆರೆಯಲಾಗದಿದ್ದರೆ ಬುದ್ಧಿಹಲ್ಲಿನ ಸುತ್ತಲಿನ ಸೋಂಕು ಸಾಮಾನ್ಯ ಕಾರಣ.

ಉಳಿದಂತೆ ಮೊದಲು ತೋರಿಸಬೇಕಾದ್ದು ದಂತ ವೈದ್ಯರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ, ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ, ಶರಾವತಿ ದಂತ ವೈದ್ಯಕೀಯ ಕಾಲೇಜಿದೆ. ಮನಸ್ಸಿನ ಭಾರಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮುಂಚೆ ಒಂದು ವಾರ ಹಾಳೆಯಲ್ಲಿ ಬರೆದಿಡಿ: ಬೆಳಿಗ್ಗೆ ಬಿಗಿತ ಎಷ್ಟಿತ್ತು, ಯಾವಾಗ ಸಡಿಲವಾಯಿತು, ರಾತ್ರಿ ಊಟ ಎಷ್ಟು ಗಂಟೆಗೆ, ಗೊರಕೆ ಇತ್ತೆಂದು ಮನೆಯವರು ಹೇಳಿದರೇ, ಎಷ್ಟು ಕವಳ, ಎಷ್ಟು ಕಾಫಿ, ಯಾವ ಮಾತ್ರೆ. ಆ ಹಾಳೆ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಸಾಧ್ಯವಾದರೆ ರಾತ್ರಿಯ ಸದ್ದು ಕೇಳಿದವರನ್ನೂ ಜೊತೆಗೆ ಕರೆದುಕೊಂಡು ಹೋಗಿ.